ನೆನಪಿನ ಕಲ್ಲು ಯಾರ ಸೊತ್ತು?

ಮೃತರ ಸ್ಮರಣೆಗಾಗಿ ಶಿಲೆಯನ್ನು ನಿಲ್ಲಿಸುವುದು ಧರ್ಮವೋ ಮೋಹವೋ ಎಂಬ ಪ್ರಶ್ನೆ ಜೈನ ಶ್ರಾವಕನಿಗೆ ಹೊಸದಲ್ಲ. ದೇಹವೆಂಬುದು ಆತ್ಮನು ಕೆಲಕಾಲ ತಂಗಿದ್ದು ತೆರವು ಮಾಡುವ ಬಾಡಿಗೆಯ ಮನೆ. ಬಿಟ್ಟುಹೋದವನ ಹೆಸರನ್ನು ಆ ಮನೆಯ ಬಾಗಿಲಿಗೆ ಕೆತ್ತಿಸುವುದರಿಂದ ಆತನಿಗೇನು ಲಾಭವೆಂದು ಸಿದ್ಧಾಂತ ಬಲ್ಲವರು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಹಾಗಿದ್ದರೂ ಕನ್ನಡ ನಾಡಿನಲ್ಲಿ ಮರಣದ ಸ್ಮಾರಕಗಳನ್ನು ಶತಮಾನಗಳ ಕಾಲ ಶ್ರದ್ಧೆಯಿಂದ ನಿಲ್ಲಿಸುತ್ತ ಬಂದವರಲ್ಲಿ ಜೈನರು ಮುಂಚೂಣಿಯಲ್ಲಿದ್ದಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳೇ ಇದಕ್ಕೆ ಸಾಕ್ಷಿ. ಸಿದ್ಧಾಂತಕ್ಕೂ ಆಚರಣೆಗೂ ನಡುವೆ ತೋರುವ ಈ ಬಿರುಕನ್ನು ವಿಚಾರಿಸಲು ಹಳೆಯ ಗ್ರಂಥಗಳಷ್ಟೇ ಸಾಲವು. ಬೆಳಗಾವಿಯ ಅಂಚಿನ ಒಂದು ಕೂಡುರಸ್ತೆಯಲ್ಲಿ ನಡೆದ ಸಂಗತಿಯೂ ಸಹಾಯಕ್ಕೆ ಬರುತ್ತದೆ.

ಬೆಳಗಾವಿಯಿಂದ ಖಾನಾಪುರದ ಮಾರ್ಗವಾಗಿ ಗೋವೆಗೆ ಹೋಗುವ ಹೆದ್ದಾರಿಯಲ್ಲಿ ಪೀರನವಾಡಿ ಸಿಗುತ್ತದೆ. ಊರಿನ ಹೆಸರಿನಲ್ಲಿಯೇ ಸೂಫಿ ಸಂತನನ್ನು ಸೂಚಿಸುವ ಶಬ್ದವಿದೆ. ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಗಳು ಒಂದೇ ಚಹದಂಗಡಿಯಲ್ಲಿ ಕೇಳಿಬರುವ ಸೀಮೆಯದು. 2020ರ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಇಲ್ಲಿಯ ವೃತ್ತದಲ್ಲಿ ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಆ ಸ್ಥಳವು ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನದೆಂದು ಮತ್ತೊಂದು ಪಕ್ಷದವರು ವಿರೋಧಿಸಿದರು. ಜನ ಸೇರಿತು, ಘರ್ಷಣೆಯಾಯಿತು, ಪೊಲೀಸರ ಲಾಠಿಯೂ ಬೀಸಿತು. ಕಡೆಗೆ ಹಿರಿಯ ಅಧಿಕಾರಿಗಳ ಸಮ್ಮುಖದಲ್ಲಿ ಉಭಯ ಪಕ್ಷಗಳೂ ಒಪ್ಪಿದ ತೀರ್ಮಾನ ಇಷ್ಟು: ರಾಯಣ್ಣನ ಪ್ರತಿಮೆ ಇದ್ದಲ್ಲಿಯೇ ಇರತಕ್ಕದ್ದು, ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರು ಇರತಕ್ಕದ್ದು.

ಈ ತೀರ್ಮಾನವನ್ನು ಕೇಳಿ ನಕ್ಕವರುಂಟು. ಆದರೆ ವ್ಯಾಪಾರದಲ್ಲಿ ತಲೆ ನೆರೆದವರು ಇದನ್ನು ಅಷ್ಟು ಹಗುರವಾಗಿ ಕಾಣಲಾರರು. ಇಬ್ಬರು ಪಾಲುದಾರರು ಕೋರ್ಟಿನ ಮೆಟ್ಟಿಲೇರದೆ ಒಂದೇ ಅಂಗಡಿಯಲ್ಲಿ ಎರಡು ಗದ್ದಿಗಳನ್ನು ಹಾಕಿಕೊಂಡು ಕುಳಿತರೆ ಅದು ಪೂರ್ಣ ಪ್ರೀತಿಯಲ್ಲದಿರಬಹುದು, ಆದರೆ ದಿವಾಳಿಯಂತೂ ಅಲ್ಲ. ಮರುವರ್ಷವೇ, 2021ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದದ್ದೂ, ಅದರ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದ್ದೂ ನೆನೆದರೆ, ಪೀರನವಾಡಿಯ ರಾಜಿಯ ಬೆಲೆ ತಿಳಿಯುತ್ತದೆ.

ಅದೇ ರಸ್ತೆಯನ್ನು ಹಿಡಿದು ಖಾನಾಪುರವನ್ನು ಮುಟ್ಟಿ, ಅಲ್ಲಿಂದ ಒಳದಾರಿಗೆ ಹೊರಳಿದರೆ ನಂದಗಡ. ಕಿತ್ತೂರಿನ ಪತನದ ತರುವಾಯವೂ ಕಾದಾಟ ಬಿಡದ ರಾಯಣ್ಣನನ್ನು 1830ರಲ್ಲಿ ಹಿಡಿದು, 1831ನೆಯ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಸಮಾಧಿಯ ಬಳಿ ಹರಡಿನಿಂತ ಆಲದ ಮರವನ್ನು ಆತನ ಸಂಗಾತಿಯೇ ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಬಂದು ಈ ಮರಕ್ಕೆ ಚಿಕ್ಕ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಹರಕೆಯ ಈ ಪದ್ಧತಿ ಸಮ್ಯಗ್ದರ್ಶನದ ಒರೆಗಲ್ಲಿಗೆ ಹತ್ತುವಂಥದಲ್ಲವೆಂಬುದು ದಿಟ. ಆದರೆ ಬೇರೊಂದು ದೃಷ್ಟಿಯಿಂದ ಇದು ಗಮನಾರ್ಹ. ತೊಟ್ಟಿಲು ಕಟ್ಟುವ ಹೆಣ್ಣುಮಗಳು ಸತ್ತವನಿಂದ ಒಂದು ಜೀವವನ್ನು ಬೇಡುತ್ತಾಳೆ, ಮತ್ತೊಬ್ಬರ ಜಾಗವನ್ನು ಬೇಡುವುದಿಲ್ಲ. ಒಬ್ಬನೇ ವ್ಯಕ್ತಿಯ ಎರಡು ಸ್ಮಾರಕಗಳು ಒಂದೇ ಸೀಮೆಯಲ್ಲಿದ್ದು, ಒಂದರ ಬಳಿ ತೊಟ್ಟಿಲು, ಇನ್ನೊಂದರ ಬಳಿ ಲಾಠಿ ಕಂಡವೆಂದರೆ ವ್ಯತ್ಯಾಸವಿರುವುದು ಮೃತನಲ್ಲಿ ಅಲ್ಲ.

ಈ ಸೀಮೆಯ ಇತಿಹಾಸವನ್ನು ಗೋರಿಗಳ ಮೂಲಕವೇ ಓದಬಹುದು. ಬೆಳಗಾವಿಯಲ್ಲಿ 1549ರಲ್ಲಿ ತೀರಿಕೊಂಡ ಬಿಜಾಪುರದ ಸರದಾರ ಅಸದ್ ಖಾನನ ದರ್ಗಾ ನಗರದಲ್ಲಿದೆ. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಕಿತ್ತೂರು ರಾಣಿ ಚನ್ನಮ್ಮನವರ ಸಮಾಧಿ ಅದೇ ಊರಿನಲ್ಲಿದೆ. ಅವರ ಕೋಟೆಯ ಮುಂದೆ 1824ರ ಅಕ್ಟೋಬರ್ 23ರಂದು ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಸ್ಮಾರಕ ಧಾರವಾಡದಲ್ಲಿದೆ. ಆತ ಪ್ರಸಿದ್ಧ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಬೆಳಗಾವಿಯ ಹುತಾತ್ಮಾ ಚೌಕದಲ್ಲಿ 1956ರ ಜನವರಿ 17ರ ಗೋಳಿಬಾರಿನಲ್ಲಿ ಮಡಿದವರನ್ನು ಮರಾಠಿ ಭಾಷಿಕರು ಪ್ರತಿವರ್ಷ ನೆನೆಯುತ್ತಾರೆ. ಒಂದು ಪಂಗಡದ ಹುತಾತ್ಮನು ಇನ್ನೊಂದು ಪಂಗಡದ ಪಾಠಪುಸ್ತಕದಲ್ಲಿ ಅಪರಾಧಿ. ಆದರೂ ಅವರೆಲ್ಲರ ಮನೆಯಲ್ಲಿ ಅತ್ತವರಿದ್ದರು.

ಬೆಳಗಾವಿ ಕೋಟೆ 1818ರಲ್ಲಿ ಇಂಗ್ಲಿಷರ ವಶವಾದ ಬಳಿಕ ಇಲ್ಲಿ ದಂಡು ನೆಲೆಸಿತು. ದಂಡಿನ ಹಿಂದೆ ಸ್ಮಶಾನವೂ ಬಂತು. ಆ ಶಿಲುಬೆಗಳನ್ನೆಲ್ಲ ಆಳುವವರ ಗೋರಿಗಳೆಂದು ಒಟ್ಟುಗೂಡಿಸಿ ನೋಡುವುದು ವಾಡಿಕೆ. ವಾಸ್ತವದಲ್ಲಿ 1830ರ ಸುಮಾರಿಗೆ ಇಂಗ್ಲಿಷ್ ಸೈನ್ಯದ ಸಿಪಾಯಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಐರಿಶ್ ಜನರಿದ್ದರು. ಇಂಗ್ಲಿಷರು ಆಳುತ್ತಿದ್ದ ಮತ್ತೊಂದು ನಾಡಿನ ಬಡವರ ಮಕ್ಕಳು ಹೊಟ್ಟೆಗಾಗಿ ಬಂದೂಕು ಹೊತ್ತು ಈ ದೇಶಕ್ಕೆ ಬಂದರು. ಅಂಥವರಲ್ಲೊಬ್ಬ ಜೇಮ್ಸ್ ಡಾಲಿ. ಪಂಜಾಬಿನಲ್ಲಿದ್ದ ಕನಾಟ್ ರೇಂಜರ್ಸ್ ಎಂಬ ಐರಿಶ್ ಪಡೆಯವರು 1920ರಲ್ಲಿ, ತಮ್ಮ ನಾಡಿನಲ್ಲಿ ಇಂಗ್ಲಿಷರು ನಡೆಸಿದ ದಬ್ಬಾಳಿಕೆಯನ್ನು ಕೇಳಿ ಆಯುಧ ಕೆಳಗಿಟ್ಟರು. ಡಾಲಿಯನ್ನು ಆ ವರ್ಷದ ನವೆಂಬರಿನಲ್ಲಿ ಹಿಮಾಲಯದ ತಪ್ಪಲಿನ ದಗಶಾಯಿಯಲ್ಲಿ ಗುಂಡಿಕ್ಕಿ ಕೊಂದು ಅಲ್ಲಿಯೇ ಹೂಳಿದರು. 1970ರಲ್ಲಿ ಆತನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ಯಲಾಯಿತು. ಐವತ್ತು ವರ್ಷಗಳವರೆಗೆ ಭಾರತದ ಮಣ್ಣಿನಲ್ಲಿದ್ದ ಆ ಗೋರಿಯನ್ನು ನೋಡಿದವನು ಅದನ್ನು ಯಾರ ಖಾತೆಗೆ ಬರೆಯಬೇಕಾಗಿತ್ತು, ಆಳಿದವರ ಖಾತೆಗೋ, ಆಳಿಸಿಕೊಂಡವರ ಖಾತೆಗೋ?

ಅದೇ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಗ್ಲಾಸ್ನೆವಿನ್ ಎಂಬ ವಿಶಾಲವಾದ ಸ್ಮಶಾನವಿದೆ. ಕ್ಯಾಥಲಿಕರಿಗೆ ತಮ್ಮ ವಿಧಿಯಂತೆ ಹೂಳಲು ಸ್ವತಂತ್ರ ಸ್ಥಳವಿಲ್ಲದಿದ್ದ ಕಾಲದಲ್ಲಿ ಡೇನಿಯಲ್ ಓಕಾನೆಲ್ ಎಂಬ ಮುಖಂಡನು 1832ರಲ್ಲಿ ಅದನ್ನು ಸ್ಥಾಪಿಸಿ, ಎಲ್ಲ ಮತದವರಿಗೂ ತೆರೆದಿರಿಸಿದನು. 1916ರ ಡಬ್ಲಿನ್ ದಂಗೆಗೆ ನೂರು ವರ್ಷ ತುಂಬಿದಾಗ, 2016ರಲ್ಲಿ, ಅಲ್ಲಿಯ ವಿಶ್ವಸ್ತರು ಒಂದು ಗೋಡೆಯನ್ನು ಕಟ್ಟಿಸಿ ಆ ದಂಗೆಯಲ್ಲಿ ಸತ್ತ ಎಲ್ಲರ ಹೆಸರನ್ನೂ ಕೆತ್ತಿಸಿದರು. ಬಂಡೆದ್ದವರು, ದಾರಿಹೋಕರು, ಮಕ್ಕಳು, ಅವರೊಡನೆ ಇಂಗ್ಲಿಷ್ ಸೈನಿಕರು ಕೂಡ. ಒಟ್ಟು ಐನೂರರ ಸಮೀಪ. ಕೊಂದವನ ಮತ್ತು ಕೊಲ್ಲಲ್ಪಟ್ಟವನ ಹೆಸರು ಒಂದೇ ಸಾಲಿನಲ್ಲಿರುವುದನ್ನು ಕೆಲವರು ಸಹಿಸಲಿಲ್ಲ. 2017ರಲ್ಲಿ ಗೋಡೆಗೆ ಬಣ್ಣ ಎರಚಿದರು, 2020ರಲ್ಲಿ ಸುತ್ತಿಗೆಯಿಂದ ಒಡೆದರು. 2022ರಲ್ಲಿ ವಿಶ್ವಸ್ತರು ಆ ಗೋಡೆಯ ಉದ್ದೇಶವನ್ನೇ ಕೈಬಿಟ್ಟರು. ಸದುದ್ದೇಶವೊಂದೇ ಸ್ಮಾರಕವನ್ನು ಕಾಯಲಾರದೆಂಬುದಕ್ಕೆ ಇದು ನಿದರ್ಶನ. ಎಲ್ಲರ ಹೆಸರನ್ನೂ ಬರೆದರೆ ಎಲ್ಲರೂ ಒಪ್ಪುತ್ತಾರೆಂಬ ಲೆಕ್ಕ ತಪ್ಪಿತು. ಆ ಸ್ಮರಣೆಯನ್ನು ತಮ್ಮದೆಂದು ಹಿಡಿದಿದ್ದವರು ಅದರಲ್ಲಿ ಪಾಲು ಕೊಡಲು ಸಿದ್ಧರಿರಲಿಲ್ಲ.

ಇಲ್ಲಿ ಜೈನಶಾಸ್ತ್ರದ ಎರಡು ವಿಚಾರಗಳು ಪ್ರಸ್ತುತವಾಗುತ್ತವೆ. ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ವಸ್ತುವಿನ ರಾಶಿಯಲ್ಲಿ ಕಾಣದೆ, ವಸ್ತುವನ್ನು ಹಿಡಿದ ಮನಸ್ಸಿನ ಮರುಳಿನಲ್ಲಿ ಕಂಡರು. ಆದುದರಿಂದ ಪರಿಗ್ರಹವು ಬಂಗಾರ, ಹೊಲ, ಧಾನ್ಯಗಳಿಗಷ್ಟೇ ಸೀಮಿತವಲ್ಲ. ನೆನಪೂ ಪರಿಗ್ರಹವಾಗಬಲ್ಲುದು, ಬಂಗಾರಕ್ಕಿಂತ ಹೆಚ್ಚು ಬಿಗಿಯಾದ ಪರಿಗ್ರಹವಾಗಬಲ್ಲುದು, ಏಕೆಂದರೆ ಅದಕ್ಕೆ ತೆರಿಗೆಯಿಲ್ಲ, ಕಳ್ಳರ ಭಯವಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಸಮಂತಭದ್ರಾಚಾರ್ಯರು ಶ್ರಾವಕಾಚಾರದಲ್ಲಿ ಸಲ್ಲೇಖನ ವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಎಣಿಸುವಾಗ, ಬದುಕುವ ಆಸೆ, ಬೇಗ ಸಾಯುವ ಆಸೆ, ಭಯ ಮತ್ತು ನಿದಾನಗಳ ಜೊತೆಗೆ ಸ್ನೇಹಿತರ ಸ್ಮರಣೆಯನ್ನೂ ಸೇರಿಸಿದ್ದಾರೆ. ಸಾಯುತ್ತಿರುವವನಿಗೆ ಗೆಳೆಯರ ನೆನಪು ಕೂಡ ವ್ರತದ ಮೇಲಿನ ಕಲೆ.

ಹೀಗಿರುವಾಗ, ನೆನಪನ್ನು ತೊರೆದು ಹೋದವನಿಗೆ ನೆನಪಿನ ಕಲ್ಲನ್ನು ನಿಲ್ಲಿಸುವುದು ಆತನ ವ್ರತಕ್ಕೆ ಬಗೆದ ಅಪಚಾರವಲ್ಲವೆ? ನಿಸಿಧಿಗಳನ್ನು ಓದಿದರೆ ಉತ್ತರ ಸಿಗುತ್ತದೆ. ರಾಷ್ಟ್ರಕೂಟರ ಕಡೆಯ ಕುಡಿ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಗಂಗದೊರೆ ಮಾರಸಿಂಹನು ಹಲವು ಯುದ್ಧಗಳನ್ನು ಗೆದ್ದು, ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ವ್ರತ ಹಿಡಿದು ಮುಡಿಪಿದನು. ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಮಗಳ ಮರಣದ ತರುವಾಯ 1131ರಲ್ಲಿ ಬೆಳಗೊಳದಲ್ಲಿ ಅದೇ ದಾರಿಯನ್ನು ಹಿಡಿದಳು. ಅರಸರದಾಗಲಿ, ಮುನಿಗಳದಾಗಲಿ, ಹೆಸರು ಉಳಿದಿರದ ಊರಿನ ಶ್ರಾವಕಿಯದಾಗಲಿ, ನಿಸಿಧಿಗಲ್ಲಿನ ಮಾತು ಹೆಚ್ಚಾಗಿ ಒಂದೇ ಬಗೆಯದು: ಇಂಥವರ ಶಿಷ್ಯರು, ಇಂಥ ಗಣದವರು, ಇಂಥ ದಿನ, ಇಂಥ ವ್ರತದಿಂದ ದೇಹ ಬಿಟ್ಟರು. ಇಲ್ಲಿ ನೆನೆಯಲಾಗುವುದು ದೇಹವನ್ನಲ್ಲ, ಬಿಟ್ಟ ರೀತಿಯನ್ನು. ಅದು ಮೃತನ ಮೇಲೆ ಹಾಕಿದ ಹಕ್ಕಿನ ಪತ್ರವಲ್ಲ; ಆತ ಎಲ್ಲ ಹಕ್ಕನ್ನೂ ತೀರಿಸಿ ಹೋದನೆಂಬುದಕ್ಕೆ ಬರೆದ ಪಾವತಿ.

ಆದರೆ ಪ್ರಾಮಾಣಿಕನಾದವನು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅನೇಕ ನಿಸಿಧಿಗಳ ಕೊನೆಯ ಸಾಲಿನಲ್ಲಿ ಕಲ್ಲನ್ನು ನಿಲ್ಲಿಸಿದ ಮಗನ, ಮಗಳ, ಶಿಷ್ಯನ ಹೆಸರೂ ಇದೆ. ಸತ್ತವರ ಬದಿಯಲ್ಲಿ ತನ್ನ ಹೆಸರನ್ನೂ ಸೇರಿಸಬೇಕೆಂಬ ಆಸೆ ಇಂದಿನದಲ್ಲ. ಅದು ಮೊದಲು ಕೊನೆಯ ಸಾಲಿನಲ್ಲಿತ್ತು, ಈಗ ಮೊದಲ ಸಾಲಿಗೆ ಬಂದಿದೆ, ಅಷ್ಟೆ. ಬಸದಿಯ ಪಂಖದ ರೆಕ್ಕೆಯ ಮೇಲೆ ಕೂಡ ದಾನಿಯ ಹೆಸರು ತಿರುಗುತ್ತಿರುವ ಕಾಲವಿದು.

ನಂದಗಡದ ಆಚೆಗೆ ಹಲಸಿ ಇದೆ. ಭೂವರಾಹ ನರಸಿಂಹ ದೇವಾಲಯಕ್ಕಾಗಿ ಈಗ ಹೆಸರಾದ ಈ ಹಳ್ಳಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ನಗರ. ಇಲ್ಲಿ ದೊರೆತ ತಾಮ್ರಶಾಸನಗಳನ್ನು ಫ್ಲೀಟ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಐದನೆಯ ಶತಮಾನದ ಕದಂಬ ದೊರೆ ಮೃಗೇಶವರ್ಮನದು. ತೀರಿಹೋದ ತಂದೆ ಶಾಂತಿವರ್ಮನ ಮೇಲಿನ ಭಕ್ತಿಯಿಂದ ಅವನು ಪಲಾಶಿಕೆಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೆ ದಾನವಿತ್ತನು. ಕದಂಬರ ಮನೆತನ ವೈದಿಕ ಮೂಲದ್ದು. ಮಗನು ತಂದೆಯ ನೆನಪಿಗೆ ತಂದೆಯ ಪ್ರತಿಮೆಯನ್ನು ನಿಲ್ಲಿಸಲಿಲ್ಲ. ತನ್ನ ಮನೆತನದ್ದಲ್ಲದ ಧರ್ಮದ ಮುನಿಗಳಿಗೆ, ಅದರಲ್ಲಿಯೂ ಪರಸ್ಪರ ಎಲ್ಲದರಲ್ಲಿ ಒಮ್ಮತವಿಲ್ಲದ ಮೂರು ಪಂಥಗಳಿಗೆ, ಒಟ್ಟಿಗೆ ಭೂಮಿ ಬಿಟ್ಟನು. ಸ್ಮರಣೆಯನ್ನು ಕೂಡಿಡದೆ ಕೊಟ್ಟುಬಿಟ್ಟ ಇಂಥ ಉದಾಹರಣೆ ಇದೇ ತಾಲೂಕಿನಲ್ಲಿರುವುದನ್ನು ಇಲ್ಲಿಯ ಶಾಲೆಯ ಮಕ್ಕಳಿಗೆ ಹೇಳುವವರು ಬೇಕು.

ಪೀರನವಾಡಿಯಿಂದ ಹಲಸಿಯವರೆಗಿನ ಈ ದಾರಿಯಲ್ಲಿ ಹೊಳೆಯುವ ಭೇದ ಇದು. ಕೊಡಬಹುದಾದ ನೆನಪು ದಾನದ ಜಾತಿಯದು, ಹಿಡಿಯಲೇಬೇಕಾದ ನೆನಪು ಪರಿಗ್ರಹದ ಜಾತಿಯದು. ಹಾಗೆಂದು ಹಿಡಿದವರೆಲ್ಲ ದುಷ್ಟರೆಂದು ಭಾವಿಸಲಾಗದು. ರಾಯಣ್ಣನ ಪ್ರತಿಮೆಯನ್ನು ನಿಲ್ಲಿಸಿದವರಲ್ಲಿಯೂ, ಶಿವಾಜಿ ಮಹಾರಾಜರ ಹೆಸರಿಗಾಗಿ ಕೂಗಿದವರಲ್ಲಿಯೂ ನಿಜವಾದ ಭಕ್ತಿಯಿತ್ತು. ತಮ್ಮ ನಾಡಿಗಾಗಿ ಪರರ ಸತ್ತೆಯನ್ನು ಎದುರಿಸಿದ ಆ ಇಬ್ಬರೂ ಎದುರುಬದುರಾಗಿ ಕಾದಾಡಿದವರಲ್ಲ. ಅವರ ನಡುವೆ ನೂರೈವತ್ತು ವರ್ಷಗಳ ಅಂತರವಿದೆ. ಜಗಳವನ್ನು ಹಚ್ಚಿದ್ದು ನಮ್ಮ ಕಾಲ.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಹಕ್ಕು ಹೂಡದ ನೆನಪು ಉಳಿಯುವುದೆ? ಹಲಸಿಯ ಶಾಸನದಲ್ಲಿ ಮೊದಲು ಹೆಸರಿಸಲ್ಪಟ್ಟ ಯಾಪನೀಯ ಸಂಘವನ್ನೇ ನೋಡಬಹುದು. ಆ ಸಂಘದ ಕಡೆಯ ಶಾಸನ ಇದೇ ಬೆಳಗಾವಿ ಜಿಲ್ಲೆಯ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿದೆ, 1394ನೆಯ ಇಸವಿಯದು. ಸುಮಾರು ಒಂಬೈನೂರು ವರ್ಷ ಬಾಳಿದ ಒಂದು ಮುನಿಪರಂಪರೆ ಆ ಬಳಿಕ ಕಾಣದಾಯಿತು. ದಿಗಂಬರ ಮತ್ತು ಶ್ವೇತಾಂಬರ ಎರಡೂ ಕಡೆಯ ಕೆಲವು ಮಾತುಗಳನ್ನು ಒಪ್ಪಿದ್ದ ಅವರನ್ನು ಕಡೆಗೆ ಎರಡೂ ಕಡೆಯವರು ತಮ್ಮವರೆನ್ನಲಿಲ್ಲ. ಅವರ ಬಸದಿಗಳಲ್ಲಿ ಇಂದು ಪೂಜೆ ಮಾಡುವವರಿಗೆ ಅವರ ಹೆಸರೂ ತಿಳಿಯದು. ಇದೇ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಶಾಸನಗಳನ್ನೂ ಗ್ರಂಥಗಳನ್ನೂ ಸೋಸಿ ಬರೆಯದಿದ್ದರೆ ಆ ಹೆಸರು ಪಂಡಿತರ ನಾಲಗೆಯಿಂದಲೂ ಜಾರಿಹೋಗುತ್ತಿತ್ತು. ಯಾರದೂ ಅಲ್ಲದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ.

ಆದುದರಿಂದ ಪ್ರಶ್ನೆ ಬಸದಿಯ ವಿಶ್ವಸ್ತ ಮಂಡಳಿಗಳ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ತನ್ನದಲ್ಲದ್ದನ್ನು ತನ್ನದಕ್ಕಿಂತ ಜಾಗರೂಕತೆಯಿಂದ ಕಾಯುವವನೇ ವಿಶ್ವಸ್ತ. ಬಸದಿಯ ಜೀರ್ಣೋದ್ಧಾರವೆಂದರೆ ಹಳೆಯ ಕಲ್ಲು ತೆಗೆದು ಹೊಳೆಯುವ ಅಮೃತಶಿಲೆ ಹಾಸುವುದೆಂಬ ಭಾವನೆ ಹಲವು ಕಡೆ ಬೇರೂರಿದೆ. ಅಂಗಳದ ನಿಸಿಧಿಗೆ ಎಣ್ಣೆಬಣ್ಣ ಬಳಿದು ಅಕ್ಷರಗಳನ್ನು ಮುಚ್ಚುವುದು, ಮುಖವನ್ನು ಒಳಕ್ಕೆ ಮಾಡಿ ಗೋಡೆಗೆ ಸೇರಿಸುವುದು, ಹೊಸ ಕಟ್ಟೆಯ ಮೆಟ್ಟಿಲಿಗೆ ಬಳಸುವುದು ದ್ವೇಷದಿಂದ ಆಗುವ ಕೆಲಸಗಳಲ್ಲ, ಭಕ್ತಿಯ ಉತ್ಸಾಹದಲ್ಲಿ ಆಗುವಂಥವು. ಗ್ಲಾಸ್ನೆವಿನ್ನಿನಲ್ಲಿ ಸುತ್ತಿಗೆ ಮಾಡಿದ್ದನ್ನು ಇಲ್ಲಿ ಸುಣ್ಣ ಮಾಡುತ್ತದೆ. ಕೆಲಸ ಹಿಡಿಯುವ ಮೊದಲು ಪ್ರತಿಯೊಂದು ಬರಹದ ಕಲ್ಲಿನ ಛಾಯಾಚಿತ್ರ ತೆಗೆಸಿ, ಶಾಸನ ಓದಬಲ್ಲವರನ್ನು ಕರೆಸಿ, ಓದಿದ್ದನ್ನು ಮಂಡಳಿಯ ದಫ್ತರದಲ್ಲಿ ಬರೆದಿಡಲು ಲಕ್ಷಗಟ್ಟಲೆ ಹಣ ಬೇಡ. ಅದಕ್ಕೆ ಬೇಕಾದದ್ದು ಹೆಸರು ಕೆತ್ತಿಸಿಕೊಳ್ಳದೆ ಹಣ ಕೊಡುವ ಒಬ್ಬ ಶ್ರಾವಕ.

ಬೆಳಗಾವಿ ಕೋಟೆಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯನ್ನು ನೋಡಿ ಹೆಮ್ಮೆಪಡುವವರು ಬಹಳ. ಬೀಚಿರಾಜನ ಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ಹೇಳುವ ಅದೇ ವರ್ಷದ ಎರಡು ಶಾಸನಗಳು ಇಲ್ಲಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು ಎಂಬುದನ್ನು ಅರಿತವರು ಕಡಿಮೆ. ಒಯ್ದವರನ್ನು ದೂರುವುದು ಸುಲಭ. ಆದರೆ ಅವುಗಳನ್ನು ಓದಿ ಅಚ್ಚು ಹಾಕಿಸಿದವರೂ ಬಾರ್ನೆಟ್ ಎಂಬ ಅಲ್ಲಿಯ ವಿದ್ವಾಂಸರೇ.

ಗಡಿಭಾಗದ ಜೈನ ವ್ಯಾಪಾರಿಗೆ ಇನ್ನೊಂದು ನಿತ್ಯದ ಪರೀಕ್ಷೆಯಿದೆ. ಪ್ರತಿಮೆಗೆಂದು, ಜಯಂತಿಗೆಂದು, ಹುತಾತ್ಮರ ದಿನಕ್ಕೆಂದು ಎರಡೂ ಭಾಷೆಯ ಪಟ್ಟಿಯವರು ಅಂಗಡಿಯ ಮೆಟ್ಟಿಲೇರುತ್ತಾರೆ. ಅವನು ಇಬ್ಬರಿಗೂ ಒಂದೇ ಮೊತ್ತ ಬರೆಸಿ, ಇದು ಅನೇಕಾಂತವೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಗಲಾಟೆಯ ದಿನ ಬಾಗಿಲೆಳೆದು ಮನೆ ಸೇರುತ್ತಾನೆ. ಭಯದಿಂದ ಕೊಟ್ಟದ್ದು ದಾನವಲ್ಲ, ಸುಂಕ. ಎರಡು ತಕ್ಕಡಿಗೂ ಸಮನಾಗಿ ಹಣ ಹಾಕುವುದು ಅನೇಕಾಂತವೂ ಅಲ್ಲ. ಕನ್ನಡದವನ ಎದುರಿಗೆ ಮರಾಠಿಯವನ ನೋವಿನಲ್ಲಿರುವ ಸತ್ಯವನ್ನು, ಮರಾಠಿಯವನ ಎದುರಿಗೆ ಕನ್ನಡಿಗನ ನೋವಿನಲ್ಲಿರುವ ಸತ್ಯವನ್ನು ಮೆಲುದನಿಯಲ್ಲಿಯಾದರೂ ಹೇಳಬಲ್ಲವನಿಗೆ ಮಾತ್ರ ಆ ಶಬ್ದ ಸಲ್ಲುತ್ತದೆ. ಎರಡೂ ಭಾಷೆಗಳನ್ನು ಮನೆಮಾತಾಗಿ ಉಳ್ಳ ಜೈನರಿಗೆ ಇದು ಇತರರಿಗಿಂತ ಸುಲಭವಾಗಬೇಕಿತ್ತು. ದಕ್ಷಿಣ ಮಹಾರಾಷ್ಟ್ರ ಜೈನ ಸಭೆ 1899ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಸ್ತವನಿಧಿಯಲ್ಲಿ. ಎರಡೂ ಭಾಷೆಯ ಶ್ರಾವಕರು ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಯಮಸಲ್ಲೇಖನವನ್ನು ಪೂರೈಸಿದ್ದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ. ಭಾಷಾವಾರು ರಾಜ್ಯಗಳು ಆಗ ಇನ್ನೂ ಒಂದು ವರ್ಷ ದೂರದಲ್ಲಿದ್ದವು. ಕನ್ನಡ ಮನೆಯಲ್ಲಿಯೂ ಮರಾಠಿ ಮನೆಯಲ್ಲಿಯೂ ಅವರ ಪುಣ್ಯತಿಥಿ ನಡೆಯುತ್ತದೆ. ಅವರು ಯಾವ ರಾಜ್ಯಕ್ಕೆ ಸೇರಿದವರೆಂದು ಈವರೆಗೆ ಯಾರೂ ವೃತ್ತದಲ್ಲಿ ನಿಂತು ಕೂಗಿಲ್ಲ.

ಮೃಗೇಶವರ್ಮನ ಶಾಸನವು ತಾನು ಬಿಟ್ಟ ಭೂಮಿಯ ಮೇರೆಯನ್ನು ಹೊಳೆಯ ಹೆಸರು, ಸಂಗಮದ ಹೆಸರು ಹೇಳಿ ಗುರುತಿಸುತ್ತದೆ. ಆ ಹೆಸರುಗಳಿಂದ ಇಂದು ಯಾರೂ ಆ ಹೊಳೆಗಳನ್ನು ಕರೆಯುವುದಿಲ್ಲ. ಮೂರು ಸಂಘಗಳಲ್ಲಿ ಎರಡು ಅಳಿದುಹೋಗಿವೆ. ಖಾನಾಪುರದ ಮಳೆ ಹಿಡಿದಾಗ ಹಲಸಿಯ ಸುತ್ತಿನ ಗದ್ದೆಗಳಲ್ಲಿ ಭತ್ತದ ಸಸಿ ನೆಡುವವರು ಅವುಗಳಲ್ಲಿ ಯಾವ 33 ನಿವರ್ತನ ಶಾಂತಿವರ್ಮನ ಹೆಸರಿನದೆಂದು ಅರಿಯರು. ನೆಟ್ಟದ್ದು ಮಾತ್ರ ವರ್ಷವರ್ಷವೂ ತೆನೆಯಾಗುತ್ತಿದೆ.